ಗೋಡೆಗೆ ಎರಡು ತೂತು

ಬಡಾವಣೆಯವರೆಲ್ಲ ಅವಳನ್ನು ಕರೆಯುವುದು ಸ್ಕ್ರೂ ಅಕ್ಕ ಎಂದು. ರಟ್ಟಿನ ಡಬ್ಬದಲ್ಲಿ ಬಿಡಿ ಹಲಗೆಗಳಾಗಿ ಬರುವ ಬೀರು, ಮಂಚ, ಮೇಜುಗಳನ್ನು ಕಂಪನಿಯ ಪರವಾಗಿ ಮನೆಮನೆಗೆ ಹೋಗಿ ಜೋಡಿಸಿಕೊಡುವುದು ಅವಳ ಕಸುಬು. ಹನ್ನೆರಡು ವರ್ಷದಿಂದ ಅದೇ ಕೆಲಸ, ಹನ್ನೆರಡು ವರ್ಷದಿಂದ ಅದೇ ಸಿಟ್ಟು. ಸಿಟ್ಟು ಬರದೆ ಇನ್ನೇನು? ಡಬ್ಬ ಹರಿದದ್ದೇ ತಡ, ಜೋಡಿಸುವ ಕ್ರಮ ತೋರಿಸುವ ಚಿತ್ರದ ಹಾಳೆಯನ್ನು ಜನ ಮೂಲೆಗೆ ಎಸೆಯುತ್ತಾರೆ. ಮೊದಲ ಸ್ಕ್ರೂವನ್ನೇ ಜೀವ ಹೋಗುವಂತೆ ಬಿಗಿಯುತ್ತಾರೆ, ನಾಲ್ಕನೆಯದು ಕೂರದಿದ್ದರೆ ಕಂಪನಿಗೆ ಹಿಡಿಶಾಪ ಹಾಕುತ್ತಾರೆ. ಇವರ ಬುದ್ಧಿಗಿಷ್ಟು! ಎಲ್ಲವನ್ನೂ ಸಡಿಲವಾಗಿ ಕೂರಿಸಿ, ಮೂಲೆಗಳು ನೇರವಾಗಿವೆಯೇ ನೋಡಿ, ಆಮೇಲೆ ಬಿಗಿಯಬೇಕು ಎಂದು ಅವಳು ಬಾಯಿ ನೋಯಿಸಿಕೊಂಡದ್ದೇ ಬಂತು.

ಅವತ್ತು ಬೆಳಿಗ್ಗೆ ಹೋದ ಮನೆಯಲ್ಲೂ ಅದೇ ಕಥೆ. ಐದು ಡ್ರಾಯರಿನ ಎತ್ತರದ ಬೀರು. ಮನೆಯ ಯಜಮಾನ ತಾನೇ ಜೋಡಿಸಲು ಹೋಗಿ, ಹಿಂದಿನ ಹಲಗೆಯನ್ನು ಉಲ್ಟಾ ಬಡಿದು, ಕೈಚೆಲ್ಲಿ ಕೂತಿದ್ದ. ಅವಳು ಗೊಣಗುತ್ತಲೇ ಎಲ್ಲ ಬಿಚ್ಚಿ ಮತ್ತೆ ಜೋಡಿಸಿದಳು. ಆಗತಾನೇ ನಡೆಯಲು ಕಲಿತಿದ್ದ ಅವನ ಮಗಳು ಖಾಲಿ ಡಬ್ಬದೊಳಗೆ ಹೊಕ್ಕು ಹೊರಬಂದು ಆಡುತ್ತಿದ್ದಳು. ಬೀರು ನಿಲ್ಲಿಸಿದ್ದು ಆ ಮಗುವಿನ ಕೋಣೆಯಲ್ಲೇ.

"ಗೋಡೆಗೆ ಕಟ್ಟೋ ಪಟ್ಟಿ ಎಲ್ಲಿ?"

"ಅದಾ? ಎಕ್ಸ್‌ಟ್ರಾ ಇರಬೇಕು ಅಂತ ಕಸಕ್ಕೆ ಹಾಕಿದೆ."

ಸ್ಕ್ರೂ ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಕಸದ ಬುಟ್ಟಿಗೆ ಕೈ ಹಾಕಿ, ಟೀ ಪುಡಿ ಮೆತ್ತಿದ್ದ ಪಟ್ಟಿಯನ್ನು ತಂದು ಅವನ ಮುಖದ ಮುಂದೆ ಹಿಡಿದಳು.

"ಬೀರು ಮುಂದಕ್ಕೆ ಬೀಳದಂಗೆ ಹಿಡಿಯೋದು ಇದೊಂದೇ, ಸ್ವಾಮಿ. ಎರಡು ತೂತು ಕೊರೀತೀನಿ."

"ಬೇಡಮ್ಮ. ಹೋದ ವಾರ ತಾನೇ ಬಣ್ಣ ಹೊಡೆಸಿದ್ದೀನಿ. ಇಷ್ಟು ಭಾರದ್ದು ಎಲ್ಲಿ ಬೀಳುತ್ತೆ? ಹಟ ಮಾಡಿದ್ರೆ ಕಂಪನಿಗೆ ಫೋನ್ ಮಾಡ್ತೀನಿ ಅಷ್ಟೆ."

"ಮಾಡಿ! ನಂಬರ್ ನಾನೇ ಕೊಡ್ತೀನಿ, ಬರ್ಕೊಳ್ಳಿ."

ಅವಳು ಮಗುವನ್ನು ಎತ್ತಿ ಅಡುಗೆಮನೆಯಲ್ಲಿದ್ದ ಅಜ್ಜಿಯ ಕೈಗೆ ಕೊಟ್ಟು ಬಂದಳು. ಐದೂ ಡ್ರಾಯರುಗಳನ್ನು ಪೂರ್ತಿ ಹೊರಗೆಳೆದಳು. ಕೆಳಗಿನದರ ಮೇಲೆ, ಮಗು ಕಾಲಿಡುವ ಜಾಗದಲ್ಲಿ, ಒಂದು ಕೈ ಊರಿದಳು, ಅಷ್ಟೇ. ಬೀರು ಮುಂದಕ್ಕೆ ವಾಲಿತು. ಅವಳು ಭುಜ ಕೊಟ್ಟು ತಡೆದಳು.

"ಬನ್ನಿ, ಹಿಡ್ಕೊಳ್ಳಿ. ನಿಮ್ಮ ಬಣ್ಣದ ಗೋಡೆ ಹಿಡಿಯಲ್ವಲ್ಲ, ನೀವೇ ಹಿಡ್ಕೊಳ್ಳಿ!"

ಅವನು ಹಿಡಿದುಕೊಂಡ. ಭಾರಕ್ಕೆ ಅವನ ಪಾದ ಹಿಂದಕ್ಕೆ ಜಾರಿತು. ಅಡುಗೆಮನೆಯಿಂದ ಮಗಳ ನಗು ಕೇಳಿಸಿತು. ಅವನು ಕೆಳಗಿನ ಡ್ರಾಯರಿನತ್ತ ನೋಡಿದ.

"ಕೊರೀರಿ ಮೇಡಂ," ಎಂದ. "ಎಲ್ಲಿ ಬೇಕಾದ್ರೂ ಕೊರೀರಿ."

ಡ್ರಾಯರು ಮುಚ್ಚಿ, ಬೀರುವನ್ನು ಗೋಡೆಗೆ ಒತ್ತಿ, ಅವಳು ಎರಡು ತೂತು ಕೊರೆದು ಪಟ್ಟಿ ಬಿಗಿದಳು. ಎರಡೂ ಕೈಯಿಂದ ಜಗ್ಗಿ ನೋಡಿದಳು. ಬೀರು ಅಲುಗಲಿಲ್ಲ.

ಕೆಲಸ ಮುಗಿದ ಚೀಟಿಗೆ ಸಹಿ ಹಾಕುತ್ತ ಅವನು ನಗಲು ನೋಡಿದ. "ಎಲ್ಲರ ಮನೇಲೂ ಹೀಗೇ ಜಗಳ ಆಡ್ತೀರಾ?"

"ಒಂದು ಮನೇಲಿ ಆಡ್ಲಿಲ್ಲ," ಎಂದಳು ಅವಳು, ಡ್ರಿಲ್ಲನ್ನು ಚೀಲಕ್ಕೆ ತುರುಕುತ್ತ. "ನನ್ನ ತಂಗಿ ಮನೇಲಿ. ಇಂಥದ್ದೇ ಬೀರು. ಹೊಸ ಬಣ್ಣ ಕಣಕ್ಕಾ, ತೂತು ಬೇಡ ಅಂದ್ಲು. ಹೋಗ್ಲಿ ಅಂತ ಸುಮ್ಮನಾದೆ. ಅವಳ ಮಗಳಿಗೀಗ ಒಂಬತ್ತು ವರ್ಷ. ಎಡಗೈ ಭುಜಕ್ಕಿಂತ ಮೇಲೆ ಏಳಲ್ಲ. ಜಡೆ ಹಾಕ್ಕೊಳ್ಳೋಕೂ ಇನ್ನೊಬ್ಬರ ಕೈ ಬೇಕು."