ಅತ್ತೆ ಕೇಳಿದ ಹೂವು, ನಾನು ಕೇಳಿದ ಡಾಕ್ಟರು

ಕಳೆದ ವರ್ಷ ಆಷಾಢದಲ್ಲಿ ನನ್ನ ಅತ್ತೆ ತಮ್ಮ ಸೀರೆಗಳನ್ನು ತಾವೇ ಒಗೆಯತೊಡಗಿದರು. ಒಣಹಾಕುತ್ತಿದ್ದುದು ಅಂಗಳದಲ್ಲಲ್ಲ, ಕೊಟ್ಟಿಗೆಯ ಹಿಂದೆ. ಒಂದು ವಾರ ನೋಡಿ ಆಮೇಲೆ ಕೇಳಿದೆ. ಮುಖ ಆ ಕಡೆ ತಿರುಗಿಸಿಕೊಂಡು ಹೇಳಿದರು. ಮುಟ್ಟು ನಿಂತು ಹತ್ತು ವರ್ಷ ಕಳೆದ ಮೇಲೆ ಮತ್ತೆ ರಕ್ತ ಹೋಗುತ್ತಿತ್ತು.

ಮರಳವಾಡಿಯಲ್ಲಿ ಬಸ್ಸು ಹತ್ತಿ ಕನಕಪುರದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಕೌಂಟರಿನವರು ಚೀಟಿಯಲ್ಲಿ ಹೆಸರು ಬರೆದುಕೊಟ್ಟ ಡಾಕ್ಟರು ಗಂಡಸರು. ಸೌಮ್ಯವಾಗಿಯೇ ಮಾತಾಡಿದರು. "ಒಳಗಡೆ ಪರೀಕ್ಷೆ ಮಾಡ್ಲೇಬೇಕು, ಗಡ್ಡೆ ಇರಬಹುದು, ತಡ ಮಾಡ್ಬೇಡಿ" ಎಂದರು. ಪರದೆಯವರೆಗೆ ಹೋದ ಅತ್ತೆ ಸೆರಗು ಬಿಗಿಯಾಗಿ ಹೊದ್ದುಕೊಂಡು ಹೊರಗೆ ಬಂದುಬಿಟ್ಟರು.

"ನಡಿಯಮ್ಮಿ, ಬಸ್ಸು ಹೊಂಟೋಯ್ತದೆ."

ನಮ್ಮೂರಿನಲ್ಲಿ ಮನಸ್ಸು ತೂಗಾಡುವಾಗ ಆಂಜನೇಯಸ್ವಾಮಿಯ ಮುಂದೆ ನಿಂತು ಹೂವು ಕೇಳುತ್ತೇವೆ. ಪ್ರಶ್ನೆಯನ್ನು ಬಾಯಿಬಿಟ್ಟು ಹೇಳುವಂತಿಲ್ಲ, ಮನಸ್ಸಿನಲ್ಲೇ ಇಟ್ಟುಕೊಳ್ಳಬೇಕು. ಸ್ವಾಮಿಯ ಮೇಲಿಟ್ಟ ಹೂವು ಬಲಗಡೆ ಬಿದ್ದರೆ ಅಪ್ಪಣೆ, ಎಡಗಡೆ ಬಿದ್ದರೆ ಬೇಡವೆಂದು ಅರ್ಥ. ಆ ಶನಿವಾರ ಅತ್ತೆ ಕೈಮುಗಿದು ನಿಂತರು. ಹೂವು ಎಡಗಡೆ ಬಿತ್ತು.

"ಸ್ವಾಮಿನೇ ಬ್ಯಾಡ ಅಂದ್ಬುಟ್ಟ. ಇನ್ನ ಆಸ್ಪತ್ರೆ ಸುದ್ದಿ ಎತ್ಬ್ಯಾಡ" ಎಂದರು.

ನಮ್ಮ ಯಜಮಾನರೂ, "ಸ್ವಾಮಿಗೆ ಎದುರಾಡಕ್ಕಾಯ್ತದಾ?" ಎಂದುಬಿಟ್ಟರು.

ಅತ್ತೆಯ ತುಟಿ ಬಿಳುಪೇರಿತು. ಬಳೆಗಳು ಮೊಣಕೈವರೆಗೂ ಜಾರುತ್ತಿದ್ದವು. ಹಿತ್ತಲಿನ ಬಾವಿಯಿಂದ ಒಂದು ಬಿಂದಿಗೆ ತರುವಷ್ಟರಲ್ಲಿ ಎರಡು ಸಲ ಕೂರುತ್ತಿದ್ದರು. ನಾನು ದಿನವೂ ದೀಪ ಹಚ್ಚಿ, "ಸ್ವಾಮಿ, ಅತ್ತೆಯ ಮನಸ್ಸು ಬದಲಿಸು" ಎಂದು ಬೇಡುತ್ತಿದ್ದೆ. ನೀನೇ ಬೇಡವೆಂದ ಮೇಲೆ ನಿನ್ನನ್ನೇ ಹೇಗೆ ಬೇಡಲಿ ಎಂದು ಅಳುವೂ ಬರುತ್ತಿತ್ತು.

ಶ್ರಾವಣದ ಒಂದು ಶನಿವಾರ ಇಬ್ಬರೂ ಗುಡಿಯ ಕಟ್ಟೆಯ ಮೇಲೆ ಕೂತು ತುಳಸಿ ಕಟ್ಟುತ್ತಿದ್ದೆವು. ಯಾಕೋ ಬಾಯಿಗೆ ಬಂತು, ಕೇಳಿಬಿಟ್ಟೆ.

"ಅತ್ತೆ, ಅವತ್ತು ಸ್ವಾಮೀನ ಏನಂತ ಕೇಳಿದ್ರಿ?"

"ಇನ್ನೇನ್ ಕೇಳಾನೆ? ಆ ಗಂಡ್ ಡಾಕ್ಟ್ರ ಮುಂದೆ ನಾನು ಮನಿಕ್ಕಬೇಕಾ ಅಂತ."

"ಅಷ್ಟೇನಾ?"

"ಅಷ್ಟೇಯಾ. ನಿಮ್ಮಾವ್ನೋರೇ ಒಂದಿನ ನನ್ ಮುಖ ನೆಟ್ಗೆ ನೋಡ್ದೋರಲ್ಲ, ಇನ್ನ ಇವ್ರ್ಯಾರೋ."

ಆಸ್ಪತ್ರೆಯೇ ಬೇಡವೇ ಎಂಬ, ಯಾರೂ ಕೇಳದ ಪ್ರಶ್ನೆಗೂ ನಾವೆಲ್ಲ ಆ ಹೂವನ್ನೇ ಉತ್ತರವೆಂದುಕೊಂಡಿದ್ದೆವು.

"ಬೇರೆ ಡಾಕ್ಟ್ರ ಬಗ್ಗೆ ಸ್ವಾಮಿ ಏನೂ ಹೇಳಿಲ್ವಲ್ಲ ಅತ್ತೆ?"

ಅತ್ತೆ ತುಳಸಿಯನ್ನು ಕೆಳಗಿಟ್ಟು, "ಚೀಟೀಲಿ ಬರ್ದೋರ್ನ ಬುಟ್ಟು ಬ್ಯಾರೆಯೋರು ಸಿಕ್ತಾರಾ?" ಎಂದರು.

ನನಗೂ ಗೊತ್ತಿರಲಿಲ್ಲ. ಕಾನ್ವೆಂಟಿನಲ್ಲಿ ಓದಿದವಳು ನಾನು. ಕೌಂಟರಿನ ಆಚೆ ಕೂತವರು ಬರೆದುಕೊಟ್ಟದ್ದನ್ನು ತೆಗೆದುಕೊಂಡು ಥ್ಯಾಂಕ್ಸ್ ಹೇಳಿ ಬರುವುದೇ ಮರ್ಯಾದೆ ಎಂದುಕೊಂಡು ಬೆಳೆದಿದ್ದೆ. ಸೋಮವಾರ ಒಬ್ಬಳೇ ಹೋಗಿ ಆಸ್ಪತ್ರೆಯಲ್ಲಿ ಚೀಟಿ ಕೊಡುವ ಕಿಟಕಿಯ ಮುಂದೆ ನಿಂತೆ. ಸ್ವಾಮಿಯನ್ನು ನೆನೆದು, ಹಳೆಯ ಚೀಟಿ ಮುಂದಿಟ್ಟು ಕೇಳಿದೆ.

"ಸಿಸ್ಟರ್, ನಮ್ಮತ್ತೆಗೆ ಲೇಡಿ ಡಾಕ್ಟರೇ ಬೇಕು. ಬದಲಾಯಿಸಿ ಕೊಡ್ತೀರಾ?"

ಅವರು ರಿಜಿಸ್ಟರಿನಿಂದ ತಲೆ ಎತ್ತಲಿಲ್ಲ. "ಗುರುವಾರ ಕರ್ಕೊಂಡ್ ಬನ್ನಿ, ಮೇಡಂ ಇರ್ತಾರೆ. ಯಾರ್ಗ್ ತೋರಿಸ್ಬೇಕು ಅನ್ನೋದು ನಿಮ್ಮಿಷ್ಟ ಕಣಮ್ಮ. ಅವತ್ತೇ ಕೇಳಿದ್ರೆ ಬರ್ದ್ಕೊಡ್ತಿದ್ನಲ್ಲ, ಇಷ್ಟ್ ದಿವ್ಸ ಯಾಕ್ ಸುಮ್ನಿದ್ರಿ?"

ಹೊರಗಿನ ಬೆಂಚಿನ ಮೇಲೆ ಕೂತು ಕಣ್ಣೊರೆಸಿಕೊಂಡೆ.

ಗುರುವಾರ ಅತ್ತೆ ತಾವಾಗಿಯೇ ಪರದೆಯ ಹಿಂದೆ ಹೋದರು. ಒಳಗಿನಿಂದ ಲೇಡಿ ಡಾಕ್ಟರೂ ಅತ್ತೆಯೂ ಮಾತಾಡುವುದು ಕೇಳಿಸುತ್ತಿತ್ತು, ಒಂದು ಸಲ ಅತ್ತೆ ನಕ್ಕದ್ದೂ ಕೇಳಿಸಿತು. ಗರ್ಭಕೋಶದಲ್ಲಿ ಗಡ್ಡೆ ಇತ್ತು. ಆಪರೇಷನ್ ಆಯಿತು. ಗಡ್ಡೆ ಕೆಟ್ಟದ್ದೇ, ಆದರೆ ಬೇರೆಲ್ಲೂ ಹರಡಿಲ್ಲ ಎಂದು ರಿಪೋರ್ಟ್ ಬಂತು. "ಇನ್ನೂ ತಡವಾಗಿದ್ದರೆ ಕಷ್ಟವಿತ್ತು" ಎಂದರು ಮೇಡಂ.

ಬಂಧುಗಳೇ, ಅತ್ತೆಯ ಮನಸ್ಸು ಬದಲಿಸೆಂದು ನಾನು ಬೇಡಿದ್ದೆ. ಆ ಮನಸ್ಸಿನಲ್ಲಿ ತಪ್ಪೇನೂ ಇರಲಿಲ್ಲವಾದ್ದರಿಂದ ಸ್ವಾಮಿ ಅದನ್ನು ಹಾಗೇ ಉಳಿಸಿ, ಕೇಳುವ ಧೈರ್ಯವನ್ನು ನನಗೆ ಕೊಟ್ಟ. ನಿಮ್ಮ ಮನೆಯಲ್ಲಿ ಯಾರಾದರೂ ಆಸ್ಪತ್ರೆಗೆ ಒಲ್ಲೆ ಎಂದರೆ, ಯಾವುದಕ್ಕೆ ಒಲ್ಲೆ ಎನ್ನುತ್ತಿದ್ದಾರೆಂದು ಹತ್ತಿರ ಕೂತು ಕೇಳಿ. ಆಮೇಲೆ ಕೌಂಟರಿನಲ್ಲೂ ಕೇಳಿ. ಅಲ್ಲಿ ದನಿ ನಡುಗಿದರೆ ಸ್ವಾಮಿ ಜೊತೆಗಿರುತ್ತಾನೆ, ನನ್ನ ಜೊತೆ ಇದ್ದ.