ಒಲೆ ಪಕ್ಕದ ಹುಂಜ

ಸಾರವಾಡದ ಗೌರಾಬಾಯಿ ಚಳಿಗಾಲದಲ್ಲಿ ತಾನು ಸೆರಗು ಹೊದ್ದುಕೊಳ್ಳುವ ಮೊದಲೇ ಹಿತ್ತಲಿನ ಕೋಳಿಗೂಡಿಗೆ ಗೋಣಿಚೀಲ ಕಟ್ಟುತ್ತಾಳೆ. ಬಿಸಿಲೇರುತ್ತಲೇ ಬಿಚ್ಚುತ್ತಾಳೆ, ಏಕೆಂದರೆ ಇಲ್ಲಿ ಡಿಸೆಂಬರಿನ ಮಧ್ಯಾಹ್ನವೂ ಮುಚ್ಚಿದ ಗೂಡನ್ನು ಬೇಯಿಸುತ್ತದೆ. ನೆಲಕ್ಕೆ ಜೋಳದ ಒಣ ಎಲೆಯ ರವದಿ ಹಾಸುತ್ತಾಳೆ, ಕುಡಿಯಲು ಉಗುರುಬೆಚ್ಚಗಿನ ನೀರಿಡುತ್ತಾಳೆ. ಒಂದು ಕೋಳಿ ಸೀನಿದರೂ ಓಣಿಗೆಲ್ಲ ಸುದ್ದಿ. “ಥಂಡಿ ಆಗೇತ್ರಿ ಅದಕ್ಕ, ಜೋರಾಗಿ ಮಾತಾಡಬ್ಯಾಡ್ರಿ” ಎಂದು ಬಂದವರನ್ನು ಸುಮ್ಮನಾಗಿಸುತ್ತಾಳೆ. ಕೆಂಪು ಹುಂಜಕ್ಕೆ ಮಾತ್ರ ಮನೆಯೊಳಗೆ, ಒಲೆಯ ಪಕ್ಕ, ಬುಟ್ಟಿಯಡಿ ಜಾಗ. ಲಕ್ವಾ ಹೊಡೆದು ಮಲಗಿರುವ ಗಂಡ ರಾಮಚಂದ್ರ ಎದ್ದು ನಡೆದರೆ ಅದನ್ನು ಊರದೇವಿಗೆ ಕೊಡುವುದಾಗಿ ಅವಳು ಹರಕೆ ಹೊತ್ತಿದ್ದಾಳೆ. ಅದಕ್ಕೂ ಮೊದಲು ಹುಂಜ ಚಳಿಗೆ ಸತ್ತರೆ ಗಂಡ ಏಳುವುದಿಲ್ಲ ಎಂಬುದು ಅವಳ ಭಯ. “ಏ ಗೌರಾ, ನನಗಿಂತ ಹುಂಜಾನ ಬೆಚ್ಚಗ ಮಲಗಸ್ತಿ ನೋಡು” ಎಂದು ಅವನು ಕೆಣಕಿದರೆ, “ನೀವು ಏಳೂತನಕ ಅದು ಇರಬೇಕಲ್ರಿ” ಎನ್ನುತ್ತಾಳೆ. ಕಳೆದ ವಾರ ರಾಮಚಂದ್ರ ಗೋಡೆ ಹಿಡಿದುಕೊಂಡು ಹೊಸ್ತಿಲವರೆಗೆ ನಡೆದ. ಗೌರಾಬಾಯಿ ಅತ್ತಳು, ದೇವಿಗೆ ಕೈಮುಗಿದಳು. ಸಂಜೆ ಬುಟ್ಟಿಯ ಮೇಲೆ ಚೀಲ ಹೊದಿಸುವಾಗ ಹುಂಜದ ಬೆನ್ನು ಸವರುತ್ತ ಮೆಲ್ಲಗೆ ಹೇಳಿದಳು: “ಗ್ವಾಡಿ ಹಿಡಕೊಂಡು ನಡದದ್ದು ನಡದಂಗಲ್ಲ, ಮಲ್ಕೊ.”