ಜ್ವರವನ್ನು ಬೈಯಗೊಡದ ಸಿಸ್ಟರ್

ಹೊಸಪೇಟೆಯ ಆಸ್ಪತ್ರೆಯಲ್ಲಿ ಸೌಜನ್ಯ ಸಿಸ್ಟರ್ ಇರುವ ವಾರ್ಡಿನಲ್ಲಿ ಯಾರೂ ಜ್ವರವನ್ನು ಬೈಯುವಂತಿಲ್ಲ. ವೈರಸ್ ಸೋಂಕಿನಿಂದ ಬಂದು ಮಲಗಿದ ಕಂಪ್ಲಿಯ ಅಕ್ಕಿ ಗಿರಣಿಯ ಅಂದಾನಪ್ಪನವರು "ಹಾಳಾದ ಜ್ವರ" ಎಂದದ್ದೇ ತಡ, "ಹಂಗನಬ್ಯಾಡ್ರಿ ಸಾವ್ಕಾರ್ರ! ನಿಮ್ಮ ಮೈಯಾಗಿನ ಕಾವಲಿನವ್ರು ಎದ್ದಾರ, ಅದಕ್ಕ ಮೈ ಕಾದೈತಿ" ಎಂದು ಗದರಿದರು. ಥರ್ಮಾಮೀಟರು ನೂರೆರಡು ತೋರಿಸಿದರೆ, ಒಂದು ಕೈಯಲ್ಲಿ ಗುಳಿಗೆ ಕೊಡುತ್ತಲೇ, ಮಗ ಪಾಸಾದವರಂತೆ ಹಿಗ್ಗುವರು, ಕಫ ಕಂಡರೆ "ಕಾವಲಿನ ಮಂದಿ ಹೆಂಗ ದುಡದಾರ ನೋಡ್ರಿ!" ಎಂದು ಮೆಚ್ಚುವರು. ಎಂಟನೆಯ ದಿನ ಮಧ್ಯಾಹ್ನ ಆಕ್ಸಿಜನ್ ಹಚ್ಚಿದ್ದರೂ ಅಂದಾನಪ್ಪನವರಿಗೆ ಉಸಿರು ಸಾಲದಾಯಿತು. "ವೈರಸ್ ಗೆದ್ದತೇನ ಯವ್ವಾ?" ಎಂದು ತೊದಲಿದರು. "ಇಲ್ರಿ, ಅದು ಸೋತೈತಿ. ಈಗ ನಿಮ್ಮ ಕಾವಲಿನವ್ರೇ ಸಿಟ್ಟು ಇಳೀಲಾರ್ದ ನಿಮ್ಮ ಶ್ವಾಸಕೋಶಾನ ಬಡಿಯಾಕ ಹತ್ಯಾರ" ಎಂದ ಸಿಸ್ಟರ್, ಆ ಸಿಟ್ಟು ತಗ್ಗಿಸಲೆಂದು ಡಾಕ್ಟರು ಬರೆದ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟು, ಅವರನ್ನು ಬೋರಲು ಮಲಗಿಸಿ, ಬೆನ್ನ ಮೇಲೆ ಅಂಗೈಯಿಟ್ಟರು. ಅಷ್ಟು ದಿನ ಗದರಿದ ದನಿ, ಬೀದಿಯಲ್ಲಿ ಕಾದಾಡುವ ಮಕ್ಕಳನ್ನು ತಾಯಿ ಕರೆದಂತೆ ಮೆತ್ತಗಾಯಿತು: "ಸಾಕ್ರಪಾ, ಭಾಳ ದುಡದೀರಿ. ಇನ್ನ ಸಾವ್ಕಾರ್ರಿಗೆ ಉಸುರಾಡಾಕ ಬಿಡ್ರಿ." ಮೂರು ದಿನಗಳಲ್ಲಿ ಉಸಿರು ಹದಕ್ಕೆ ಬಂತು. ಔಷಧಿ ನಾಟಿತೆಂದು ಡಾಕ್ಟರು ಹೇಳಿದರು. ಅಂದಾನಪ್ಪನವರು ಅದನ್ನು ಒಪ್ಪುತ್ತಾರೆ, ಆದರೆ ಆ ತಾಯಿಯ ಮಾತೂ ಒಳಗಿನವರಿಗೆ ಕೇಳಿಸಿತೆಂದು ಇಂದಿಗೂ ಕೈಮುಗಿಯುತ್ತಾರೆ.